ಶೇಂಗಾ ಬೇರಿಗೆ ಓಗೊಟ್ಟವರು

ವಾಚನಾಲಯದ ಹುಡುಗರು ಮನೆಗೆ ಬಂದು, "ತಾತ, ಈ ಸಲದ ಪುಸ್ತಕಕ್ಕೆ ನಮ್ಮ ಸೀಮೆಯ ಚರಿತ್ರೆ ಒಂದು ಬರಕೊಡ್ರಿ" ಅಂದರು. ರಾಯದುರ್ಗದ ಬೆಟ್ಟ, ಕೋಟೆ, ಪಾಳೇಗಾರರು, ಇವೆಲ್ಲ ಬಲ್ಲವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಅವರು ಬರೆಯಲಿ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಮಡಿಕೆ ಹಿಡಿದವನು. ಹಗಲು ಹೊಲ, ರಾತ್ರಿ ಭಜನೆ, ಕೋಲಾಟದ ಪದ, ಇಷ್ಟೇ ನನ್ನ ಬದುಕು. ನನಗೆ ಗೊತ್ತಿರೋ ಚರಿತ್ರೆ ಶೇಂಗಾ ಹೊಲದ್ದು. ಅದನ್ನೇ ಬರೀತೀನಿ. ಅದು ಕೋಟೆಗಿಂತ ಬಹಳ ಹಳೇದು.

ನಾನು ಚಿಕ್ಕವನಿದ್ದಾಗ ಕಳೆ ತೆಗೆಯೋಕೆ ಹೋದವನು ಒಂದು ಶೇಂಗಾ ಗಿಡ ಕಿತ್ತು ನೋಡಿದೆ. ಬೇರಿನ ತುಂಬಾ ಸಾಸಿವೆ ಕಾಳಿನಂಥ ಗಂಟುಗಳು. ರೋಗ ಬಂದದೆ ಅಂತ ಹೆದರಿ ಅಪ್ಪನಿಗೆ ತೋರಿಸಿದೆ. ಅಪ್ಪ ನಕ್ಕು, "ಅದು ಇರಬೇಕಪ್ಪಾ, ಗಂಟಿದ್ರೇನೇ ಗಿಡ ಹಸಿರು" ಅಂದ. ಯಾಕೆ ಅಂತ ಅವನಿಗೂ ಗೊತ್ತಿರಲಿಲ್ಲ. ಹುರುಳಿ ಬಿತ್ತಿದ ಹೊಲದಲ್ಲಿ ಮರುವರ್ಷ ಜೋಳ ಚೆನ್ನಾಗಿ ಬರ್ತದೆ ಅಂತ ಮಾತ್ರ ಅವನಿಗೆ ಗೊತ್ತಿತ್ತು. ಆ ಗೊತ್ತು ಅವನ ಅಪ್ಪನಿಂದ ಬಂದಿದ್ದು.

ಯಾಕೆ ಅನ್ನೋದು ತಿಳಿದದ್ದು ಜರ್ಮನಿಯಲ್ಲಿ, 1886ರಲ್ಲಿ. ಹೆಲ್‌ರೀಗಲ್ ಅನ್ನುವ ವಿಜ್ಞಾನಿ ಬರೀ ಮರಳಿನಲ್ಲಿ ಬಟಾಣಿ ಬೆಳೆದು ನೋಡಿದ. ಮರಳನ್ನು ಚೆನ್ನಾಗಿ ಕಾಯಿಸಿ ಅದರೊಳಗಿನ ಜೀವಾಣು ಕೊಂದರೆ ಬಟಾಣಿ ಸೊರಗಿತು, ಬೇರಲ್ಲಿ ಗಂಟೂ ಬರಲಿಲ್ಲ. ಅದೇ ಮರಳಿಗೆ ಹೊಲದ ಮಣ್ಣು ಕಲಸಿದ ನೀರು ಒಂದಿಷ್ಟು ಹಾಕಿದರೆ ಗಂಟು ಬಂತು, ಗಿಡ ಚಿಗುರಿತು. ಎರಡು ವರ್ಷದ ಮೇಲೆ ಹಾಲೆಂಡಿನ ಬೈಯರಿಂಕ್ ಆ ಗಂಟಿನೊಳಗಿನ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ. ಗಿಡಕ್ಕೆ ಅದು ಬೇಕೇ ಬೇಕು, ಆದರೆ ಗಾಳಿಯಿಂದ ನೇರ ತಗೊಳ್ಳೋಕೆ ಬರೋದಿಲ್ಲ. ಈ ಬ್ಯಾಕ್ಟೀರಿಯಾಗಳಿಗೆ ಬರುತ್ತೆ. ಅವು ಗಿಡಕ್ಕೆ ಸಾರಜನಕ ಕೊಡುತ್ತವೆ, ಗಿಡ ಅವಕ್ಕೆ ಎಲೆಯಲ್ಲಿ ಬೇಯಿಸಿದ ಸಕ್ಕರೆ ಕೊಡುತ್ತದೆ. ಎರಡಕ್ಕೂ ಲಾಭದ ವ್ಯವಹಾರ.

ಆದರೆ ಕೈಕಾಲಿಲ್ಲದ ಬೇರಿಗೂ ಕಣ್ಣಿಲ್ಲದ ಬ್ಯಾಕ್ಟೀರಿಯಾಕ್ಕೂ ಗಂಟು ಬಿದ್ದದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ಸಿಗೋಕೆ ಇನ್ನೂ ನೂರು ವರ್ಷ ಹಿಡಿಯಿತು. ಬೇರು ಮಣ್ಣಿಗೆ ಫ್ಲೇವನಾಯ್ಡ್ ಅನ್ನೋ ವಸ್ತು ಬಿಡುತ್ತೆ. ಹತ್ತಿರದ ಬ್ಯಾಕ್ಟೀರಿಯಾಕ್ಕೆ ಅದು ತಾಕಿದರೆ ಅದರೊಳಗೆ ಮಲಗಿದ್ದ ಕೆಲವು ಜೀನುಗಳು ಎದ್ದು, ತಿರುಗಿ ಬೇರಿನ ಕಡೆಗೆ ಇನ್ನೊಂದು ವಸ್ತು ಬಿಡುತ್ತವೆ. ಅದಕ್ಕೆ ನಾಡ್ ಫ್ಯಾಕ್ಟರ್ ಅಂತ ಹೆಸರು, ಅದರ ರಚನೆ ಗೊತ್ತಾದದ್ದು 1990ರಲ್ಲಿ, ಫ್ರಾನ್ಸಿನಲ್ಲಿ. ಬೇರಿನ ಜೀವಕೋಶಕ್ಕೆ ಅದು ತಾಕಿದ ಮೇಲೆ ಕೋಶದೊಳಗೆ ಸುಣ್ಣದ ಅಂಶ ಏರಿಳಿಯೋಕೆ ಶುರುವಾಗುತ್ತೆ, ತಾಳ ಹಾಕಿದ ಹಾಗೆ. ಆಮೇಲೆ ಕೋಶಗಳು ಒಡೆದು ಹೆಚ್ಚಾಗಿ ಗಂಟು ಕಟ್ಟುತ್ತವೆ. ಭಜನೆಯಲ್ಲಿ ಮುಂದಿನವನು ಒಂದು ಸೊಲ್ಲು ಬಿಟ್ಟರೆ ಹಿಂದಿನವರು ಎತ್ತಿಕೊಳ್ಳುತ್ತಾರಲ್ಲ, ಅದೇ ರೀತಿ. ಎತ್ತಿಕೊಳ್ಳೋರು ಇಲ್ಲದಿದ್ದರೆ ಪದ ಅಲ್ಲಿಗೇ ನಿಲ್ಲುತ್ತೆ.

ನಮ್ಮ ಮೇಷ್ಟ್ರುಗಳಿಗೆ ಇಲ್ಲೊಂದು ಮಾತು. ಶಾಲೆ ಪುಸ್ತಕದ ಚಿತ್ರದಲ್ಲಿ ಬ್ಯಾಕ್ಟೀರಿಯಾ ಬೇರಿನ ಕೂದಲಿನ ಮೂಲಕ ಒಳಗೆ ಹೋಗೋ ಹಾಗೆ ತೋರಿಸಿರುತ್ತಾರೆ. ಬಟಾಣಿಗೆ ಅದು ಸರಿ. ಶೇಂಗಾದಲ್ಲಿ ಹಾಗಲ್ಲ. ತಾಯಿಬೇರಿಂದ ಮರಿಬೇರು ಒಡೆದು ಬರುವಾಗ ಆಗೋ ಬಿರುಕಿನಲ್ಲಿ ಅವು ನುಗ್ಗುತ್ತವೆ. ಅದಕ್ಕೇ ಶೇಂಗಾದ ಗಂಟು ಬೇರು ಕವಲೊಡೆದ ಜಾಗದಲ್ಲೇ ಇರುತ್ತೆ. ಗಿಡ ಕಿತ್ತು ತೋರಿಸಿದರೆ ಮಕ್ಕಳಿಗೆ ಕೂಡಲೇ ಗೊತ್ತಾಗುತ್ತೆ.

ಈಗ ಶೇಂಗಾದ ಚರಿತ್ರೆಗೆ ಬರೋಣ. ನಾವು ಶೇಂಗಾ ಅಂತೀವಿ, ಮಡಕಶಿರದ ಕಡೆ ಕಡ್ಲೆಕಾಯಿ ಅಂತಾರೆ, ತೆಲುಗಿನವರು ವೇರುಶನಗ ಅಂತಾರೆ. ಮೂರು ಹೆಸರೂ ನಮ್ಮವೇ, ಗಿಡ ಮಾತ್ರ ನಮ್ಮದಲ್ಲ. ಅದರ ತವರು ದಕ್ಷಿಣ ಅಮೆರಿಕ, ಬೊಲಿವಿಯಾ ಮತ್ತು ಅರ್ಜೆಂಟೀನಾ ದೇಶಗಳ ಸೀಮೆ. ಅಲ್ಲಿ ಎರಡು ಬೇರೆ ಬೇರೆ ಕಾಡು ಶೇಂಗಾ ಇದ್ದವು. ಒಂದೊಂದರಲ್ಲೂ 20 ವರ್ಣತಂತು. ಸುಮಾರು 10 ಸಾವಿರ ವರ್ಷದ ಹಿಂದೆ, ಆ ಕಡೆಯ ಜನ ಬೀಜ ಒಯ್ದು ಬೆಳೆಯೋಕೆ ಶುರು ಮಾಡಿದ ಕಾಲದಲ್ಲಿ, ಎರಡೂ ಒಂದೇ ಕಡೆ ಬೆಳೆದು ಬೆರೆತು 40 ವರ್ಣತಂತುವಿನ ಹೊಸ ಗಿಡ ಆಯಿತು. ಎರಡು ಮನೆಯ ಲೆಕ್ಕದ ಪುಸ್ತಕ ಒಂದೇ ಪೆಟ್ಟಿಗೆಗೆ ಬಂದ ಹಾಗೆ. 2016ರಲ್ಲಿ ವಿಜ್ಞಾನಿಗಳು ಆ ಎರಡೂ ಕಾಡು ಗಿಡದ ಜೀನು ಪೂರ್ತಿ ಓದಿ ಇದನ್ನು ಖಚಿತ ಮಾಡಿದರು. ಇಡೀ ಲೋಕದ ಶೇಂಗಾ ಆ ಅಪರೂಪದ ಬೆರಕೆಯ ಸಂತಾನ. ಹೀಗಾಗಿ ಅದರೊಳಗೆ ವೈವಿಧ್ಯ ಕಮ್ಮಿ, ಒಂದು ರೋಗ ಬಂದರೆ ಎಲ್ಲಕ್ಕೂ ಬರುತ್ತೆ. ಇದನ್ನು ನೆನಪಲ್ಲಿಡಿ, ಮುಂದೆ ಬೇಕಾಗುತ್ತೆ.

ಕೊಲಂಬಸ್ ಆ ಕಡೆಗೆ ತಲುಪಿದ 1492ರ ಆಮೇಲೆ ಶೇಂಗಾ ಹಡಗು ಹತ್ತಿ ಬೇರೆ ದೇಶ ನೋಡಿತು. ನಮ್ಮ ಕೆಂಪು ಗರಸು ಭೂಮಿಗೂ ಬಂತು. ಮಳೆ ಇಲ್ಲಿ ವರ್ಷಕ್ಕೆ ಸುಮಾರು 550 ಮಿಲಿಮೀಟರು, ಅದೂ ನಂಬೋ ಹಾಗಿಲ್ಲ. ಆದರೂ ಒಂದು ಕಾಲಕ್ಕೆ ಅನಂತಪುರ ಜಿಲ್ಲೆಯೊಂದರಲ್ಲೇ ಹೆಚ್ಚುಕಮ್ಮಿ 8 ಲಕ್ಷ ಹೆಕ್ಟೇರು ಶೇಂಗಾ ಆಗುತ್ತಿತ್ತು. ಸಾವಿರಾರು ಮೈಲಿ ದೂರದಿಂದ ಬಂದ ಗಿಡ, ಬೀಜ ಬಂತು, ಅದರ ಊರಿನ ಮಣ್ಣು ಬರಲಿಲ್ಲ. ಹಾಗಾದರೆ ಇಲ್ಲಿ ಅದರ ಬೇರಿನ ಕರೆಗೆ ಓಗೊಟ್ಟವರು ಯಾರು?

ನಮ್ಮ ಹುರುಳಿಯ ಗೆಳೆಯರು. ಹುರುಳಿ, ಹೆಸರು, ಅಲಸಂದೆ, ತೊಗರಿ ಬೇರಲ್ಲಿ ಗಂಟು ಕಟ್ಟೋ ಬ್ಯಾಕ್ಟೀರಿಯಾಗಳ ದೊಡ್ಡ ಬಳಗ ಒಂದಿದೆ, ವಿಜ್ಞಾನಿಗಳು ಅದನ್ನು ಅಲಸಂದೆ ಗುಂಪು ಅಂತ ಕರೀತಾರೆ. ಶೇಂಗಾ ಕೂಡ ಇದೇ ಗುಂಪಿನ ಜೊತೆ ಹೊಂದಿಕೊಳ್ಳುತ್ತೆ. ಇಲ್ಲಿಂದ ದೂರವಿಲ್ಲದ ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ಅಗೆದಾಗ ಸುಮಾರು 4 ಸಾವಿರ ವರ್ಷದ ಹಿಂದಿನ ಸುಟ್ಟ ಕಾಳು ಸಿಕ್ಕಿವೆ. ಅವುಗಳಲ್ಲಿ ಹುರುಳಿ ಇದೆ, ಹೆಸರು ಇದೆ, ಕೊರಲೆ ಇದೆ. ಅಂದರೆ ಶೇಂಗಾ ಬರೋಕೆ ಸಾವಿರಾರು ವರ್ಷ ಮುಂಚಿಂದ ನಮ್ಮ ಹಿರೇರು ಈ ಮಣ್ಣಲ್ಲಿ ದ್ವಿದಳ ಬಿತ್ತುತ್ತಾ ಬಂದರು, ಆ ಬಳಗ ಇಲ್ಲಿ ಬೇರೂರಿತ್ತು. ಪರದೇಶಿ ಗಿಡ ಬಂದು ಕರೆದಾಗ ಅದಕ್ಕೆ ಕೇಳಿಸಿತು.

ಎಲ್ಲ ಬೆಳೆಗೂ ಈ ಭಾಗ್ಯ ಇಲ್ಲ. ಕಡಲೆಗೆ ಬೇರೆಯೇ ಬ್ಯಾಕ್ಟೀರಿಯಾ ಬೇಕು. ಸೋಯಾ ಮೊದಲ ಸಲ ಹಾಕೋ ಹೊಲಕ್ಕೆ ಅದರದ್ದೇ ಪುಡಿ ಬೀಜಕ್ಕೆ ಹಚ್ಚಿ ಅಂತ ಕೃಷಿ ಇಲಾಖೆಯವರು ಹೇಳ್ತಾರೆ. ಕೆಲವು ಗಿಡದ ಮಾತು ಒಬ್ಬರಿಗೇ ಅರ್ಥ ಆಗುತ್ತೆ, ಶೇಂಗಾದ ಮಾತು ಹಲವರಿಗೆ ಅರ್ಥ ಆಗುತ್ತೆ. ನಮ್ಮ ತಾಲೂಕು 1953ರ ತನಕ ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಮೇಲೆ ಆಂಧ್ರಕ್ಕೆ ಸೇರಿತು. ಮನೇಲಿ ಕನ್ನಡ, ಸಂತೇಲಿ ತೆಲುಗು ಆಡಿ ಬದುಕಿದ ನಮಗೆ ಇದು ಬಿಡಿಸಿ ಹೇಳಬೇಕಿಲ್ಲ. ಎರಡು ಮಾತು ಬಲ್ಲವನು ಎಲ್ಲಿಟ್ಟರೂ ಬದುಕ್ತಾನೆ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಬೇರು ಕರೆಯಿತು, ಬ್ಯಾಕ್ಟೀರಿಯಾ ಕೇಳಿತು ಅಂತ ನಾನು ಬರೆಯೋದು ಹಾಡೋನ ಅಭ್ಯಾಸ. ಬೇರಿಗೆ ಬಾಯಿಲ್ಲ, ಬುದ್ಧಿಯೂ ಇಲ್ಲ. ನಡೆದದ್ದು ಇಷ್ಟು. ಹಿಂದೊಂದು ಕಾಲಕ್ಕೆ ಯಾವುದೋ ಗಿಡದ ಬೇರಿಂದ ಒಂದು ವಸ್ತು ಸೋರುತ್ತಿತ್ತು. ಅದು ತಾಕಿದರೆ ಹತ್ತಿರ ಬರೋ ಗುಣ ಕೆಲವು ಬ್ಯಾಕ್ಟೀರಿಯಾಗಳಲ್ಲಿತ್ತು. ಹಾಗೆ ಕೂಡಿದವು ಬಡ ಮಣ್ಣಲ್ಲೂ ಉಳಿದವು, ಮರಿ ಮಾಡಿದವು. ಕೂಡದವು ಅಂಥ ಮಣ್ಣಲ್ಲಿ ಸೊರಗಿದವು. ಹೀಗೆ ಕೋಟಿಗಟ್ಟಲೆ ವರ್ಷ ಜರಡಿ ಹಿಡಿದ ಮೇಲೆ ಸೋರುತ್ತಿದ್ದದ್ದು ಸುದ್ದಿ ಆಯಿತು, ತಾಕುತ್ತಿದ್ದದ್ದು ಕಿವಿ ಆಯಿತು. ಡಾರ್ವಿನ್ 1859ರಲ್ಲಿ ಬರೆದ ಜೀವವಿಕಾಸದ ವಿಚಾರ ಇದೇ. ಅವನ ಕಾಲದಲ್ಲಿ ಜೀವಕೋಶಗಳ ಈ ಸುದ್ದಿ ಯಾರಿಗೂ ಗೊತ್ತಿರಲಿಲ್ಲ. ಜೀವವಿಕಾಸದಲ್ಲಿ ಹಲ್ಲು, ಉಗುರು, ಬಲ ಎಷ್ಟು ಮುಖ್ಯವೋ ಸುದ್ದಿ ಕೊಡೋದು, ಸುದ್ದಿ ಕೇಳೋದು ಅಷ್ಟೇ ಮುಖ್ಯ ಅಂತ ಈಗ ತಿಳಿದಿದೆ.

ವ್ಯವಹಾರ ಅಂದ ಮೇಲೆ ಮೋಸಗಾರರೂ ಇರುತ್ತಾರೆ. ಸಕ್ಕರೆ ತಿಂದು ಸಾರಜನಕ ಕೊಡದ ಬ್ಯಾಕ್ಟೀರಿಯಾ ಉಂಟು. ಸೋಯಾದಲ್ಲಿ 2003ರಲ್ಲಿ ಪರೀಕ್ಷೆ ಮಾಡಿದಾಗ, ಕೆಲಸ ಮಾಡದ ಗಂಟಿಗೆ ಗಿಡ ಆಮ್ಲಜನಕ ಕಮ್ಮಿ ಮಾಡುತ್ತೆ ಅಂತ ಕಂಡಿತು. ಅಂಥ ಗಂಟಲ್ಲಿ ಬ್ಯಾಕ್ಟೀರಿಯಾ ಹೆಚ್ಚೋದಿಲ್ಲ. ಮಾತು ಕೊಟ್ಟು ನಡೆಸದವನಿಗೆ ಕಣದಲ್ಲಿ ಪಾಲಿಲ್ಲ, ಅಷ್ಟೇ. ಹೀಗಾಗಿ ಸ್ನೇಹ ಕೆಡದೆ ಉಳಿಯಿತು.

ಈ ಗಂಟಿನ ಸ್ನೇಹಕ್ಕೆ 6 ಕೋಟಿ ವರ್ಷಕ್ಕಿಂತ ಹೆಚ್ಚು ವಯಸ್ಸು. ಅದಕ್ಕೂ ಹಿಂದೆ ಇನ್ನೊಂದು ಸ್ನೇಹ ಇತ್ತು. ಸ್ಕಾಟ್ಲೆಂಡಿನ ರೈನಿ ಅನ್ನೋ ಊರಲ್ಲಿ 40 ಕೋಟಿ ವರ್ಷ ಹಳೆಯ ಕಲ್ಲಾದ ಗಿಡಗಳು ಸಿಕ್ಕಿವೆ. ನೀರಿಂದ ನೆಲಕ್ಕೆ ಹತ್ತಿದ ಮೊದಮೊದಲ ಗಿಡಗಳ ಕಾಲದವು, ಸರಿಯಾದ ಬೇರೂ ಇಲ್ಲದವು. ಅವುಗಳ ಕೋಶದೊಳಗೆ ಶಿಲೀಂಧ್ರದ, ಅಂದರೆ ಬೂಷ್ಟಿನ ಜಾತಿಯ ಎಳೆ ಕಾಣುತ್ತೆ. ಆ ಎಳೆ ಮಣ್ಣಿಂದ ರಂಜಕ ಹೀರಿ ಗಿಡಕ್ಕೆ ಕೊಡುತ್ತಿತ್ತು. ಇವತ್ತಿಗೂ ನಮ್ಮ ಜೋಳ, ಸಜ್ಜೆ, ಶೇಂಗಾ ಬೇರಲ್ಲಿ ಅದೇ ಬಳಗದ ಎಳೆ ಇದೆ. 1989ರಲ್ಲಿ ಫ್ರಾನ್ಸಿನವರು ಬಟಾಣಿಯಲ್ಲಿ ಒಂದು ವಿಚಿತ್ರ ಕಂಡರು. ಗಂಟು ಕಟ್ಟದ ಕೆಲವು ಬಟಾಣಿ ಗಿಡ ಈ ಶಿಲೀಂಧ್ರವನ್ನೂ ಒಳಗೆ ಬಿಡಲಿಲ್ಲ. ಒಂದು ಜೀನು ಕೆಟ್ಟರೆ ಎರಡೂ ಸ್ನೇಹ ಹೋಯಿತು. ಅಂದರೆ ಶಿಲೀಂಧ್ರದ ಸುದ್ದಿ ಕೇಳೋಕೆ ಇದ್ದ ಹಳೇ ಕಿವಿಯ ದಾರಿಯನ್ನೇ ಗಿಡ ಬ್ಯಾಕ್ಟೀರಿಯಾದ ಸುದ್ದಿಗೂ ಬಳಸಿಕೊಂಡಿತ್ತು. ನಾವು ಹಾಡೋರೂ ಹೀಗೇ ಮಾಡ್ತೀವಿ. ಅಜ್ಜಂದಿರ ಧಾಟಿಗೆ ಹೊಸ ಪದ ಹೊಂದಿಸ್ತೀವಿ. ಧಾಟಿ ಹಳೇದು, ಪದ ಹೊಸದು.

ಕರೆ ಬಹಿರಂಗವಾಗಿ ಕೂಗಿದ್ದು, ಕಳ್ಳನಿಗೂ ಕೇಳಿಸುತ್ತೆ. ಜೋಳದ ಬೇರಿಗೆ ಕಚ್ಚಿಕೊಂಡು ರಸ ಹೀರೋ ಸಣ್ಣ ಬಿಳಿ ಹೂವಿನ ಕಳೆ ನೀವು ನೋಡಿದ್ದೀರಿ, ಪುಸ್ತಕದಲ್ಲಿ ಅದರ ಹೆಸರು ಸ್ಟ್ರೈಗಾ. ಅದರ ಬೀಜ ಧೂಳಿನಷ್ಟು ಸಣ್ಣದು, ಮಣ್ಣಲ್ಲಿ ಹತ್ತು ವರ್ಷ ಬೇಕಾದರೂ ಕಾಯುತ್ತೆ. ಬರೀ ಮಳೆಗೆ ಮೊಳೆಯೋದಿಲ್ಲ, ಜೋಳದ ಬೇರು ಹತ್ತಿರ ಬಂದರೇನೇ ಮೊಳೆಯುತ್ತೆ. ಹೇಗೆ ಗೊತ್ತಾಗುತ್ತೆ ಅದಕ್ಕೆ? 1966ರಲ್ಲಿ ಬೀಜವನ್ನು ಎಬ್ಬಿಸೋ ವಸ್ತು ಬೇರಿನಲ್ಲಿ ಸಿಕ್ಕಿತು. ಆದರೆ ತನ್ನ ಶತ್ರುವನ್ನು ಬೇರು ಯಾಕೆ ಎಬ್ಬಿಸಬೇಕು ಅಂತ ಸುಮಾರು 40 ವರ್ಷ ಯಾರಿಗೂ ತಿಳಿಯಲಿಲ್ಲ. 2005ರಲ್ಲಿ ಜಪಾನಿನವರು ಗುಟ್ಟು ಬಿಡಿಸಿದರು. ಆ ವಸ್ತು ಶಿಲೀಂಧ್ರವನ್ನು ಕರೆಯೋ ಕೂಗು. ರಂಜಕ ಕಮ್ಮಿ ಇರೋ ಬಡ ಮಣ್ಣಲ್ಲಿ ಬೇರು ಆ ಕೂಗು ಹೆಚ್ಚು ಹಾಕುತ್ತೆ, ಕಳೆಯೂ ಅಲ್ಲೇ ಹೆಚ್ಚು. ಹಸಿದವನ ಮನೆಗೇ ಕಳ್ಳ ನುಗ್ಗಿದ ಹಾಗೆ. ಆದರೆ ಕಳ್ಳನಿಗೂ ಮೋಸ ಆಗೋದುಂಟು. ಅಲಸಂದೆ, ಹತ್ತಿ ಬೇರಿನ ಕೂಗಿಗೂ ಈ ಬೀಜ ಎದ್ದು ಮೊಳೆಯುತ್ತೆ, ಕಚ್ಚಿ ಬದುಕೋಕೆ ಆಗದೆ ಸಾಯುತ್ತೆ. ಜೋಳದ ಹೊಲದಲ್ಲಿ ಅಲಸಂದೆ ಅಕ್ಕಡಿ ಹಾಕುತ್ತಿದ್ದ ನಮ್ಮ ಹಿರೇರಿಗೆ ಈ ರಸಾಯನ ಗೊತ್ತಿರಲಿಲ್ಲ, ಫಲ ಗೊತ್ತಿತ್ತು.

ಇನ್ನು 2000ನೇ ಇಸವಿ. ಅದನ್ನು ಬರೆಯೋಕೆ ಇವತ್ತಿಗೂ ಕೈ ಹಿಂಜರಿಯುತ್ತೆ. ಬಿತ್ತಿ ತಿಂಗಳಾಗಿತ್ತು, ಹೊಲ ಹಸಿರಾಗಿತ್ತು. ಗಿಡದ ಸುಳಿ ಒಣಗೋಕೆ ಶುರುವಾಯಿತು, ಕಾಂಡ ಕಪ್ಪಾಯಿತು, ನೋಡನೋಡ್ತಾ ಸಾಲುಸಾಲು ಸತ್ತವು. ಜಿಲ್ಲೆಯಲ್ಲಿ ಸುಮಾರು 2 ಲಕ್ಷ 25 ಸಾವಿರ ಹೆಕ್ಟೇರು ಬೆಳೆಗೆ ರೋಗ ತಗುಲಿತು, 300 ಕೋಟಿ ರೂಪಾಯಿಗೂ ಮೀರಿ ನಷ್ಟ ಅಂತ ಲೆಕ್ಕ ಹಾಕಿದರು. ಆ ವರ್ಷ ನಮ್ಮ ಭಜನೆ ಮೇಳದ ಅರ್ಧ ಜನ ಕೂಲಿಗೆ ಬೆಂಗಳೂರು ದಾರಿ ಹಿಡಿದರು. ಹಿಮ್ಮೇಳ ಇಲ್ಲದೆ ಶ್ರಾವಣದ ಭಜನೆ ನಿಂತಿತು.

ಕಾರಣ ಒಂದು ವೈರಸ್. ಮೊದಲು ತಂಬಾಕಿನಲ್ಲಿ ಕಂಡದ್ದಕ್ಕೆ ತಂಬಾಕಿನ ಹೆಸರೇ ಅದಕ್ಕೆ ಉಳಿದಿದೆ. ವೈರಸ್ ಅಂದರೆ ಜೀವಕೋಶ ಅಲ್ಲ. ಉಣ್ಣೋದಿಲ್ಲ, ಉಸಿರಾಡೋದಿಲ್ಲ. ಅದು ಬರೀ ಒಂದು ಬರಹ, ಮೇಲೊಂದು ಹೊದಿಕೆ. ಕೋಶದೊಳಗೆ ಬಿದ್ದರೆ ಕೋಶ ಅದನ್ನು ತನ್ನದೇ ಬರಹ ಅಂತ ಓದಿ, ಅದರಲ್ಲಿ ಬರೆದ ಹಾಗೆ ಇನ್ನಷ್ಟು ವೈರಸ್ ಮಾಡುತ್ತೆ. ಸುಳ್ಳು ಕಾಗದ ತಂದು ಹೊಲ ಬರೆಸಿಕೊಂಡವರನ್ನು ನಾವು ನೋಡಿಲ್ಲವೇ? ಇದು ಬಂದ ದಾರಿ ಕಾಂಗ್ರೆಸ್ ಗಿಡದ್ದು. ಅಮೆರಿಕ ಖಂಡದಿಂದ ಬಂದು, 1955ರಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದು, ಆಮೇಲೆ ದೇಶ ತುಂಬಿದ ಪಾರ್ಥೇನಿಯಂ. ಆ ಗಿಡದೊಳಗೆ ವೈರಸ್ ಇದ್ದರೂ ಅದಕ್ಕೆ ರೋಗದ ಗುರುತೇ ಕಾಣೋದಿಲ್ಲ. ಅದರ ಹೂವಿನ ಪರಾಗ ಗಾಳಿಗೆ ಹಾರಿ ಶೇಂಗಾ ಎಲೆ ಮೇಲೆ ಬೀಳುತ್ತೆ, ಥ್ರಿಪ್ಸ್ ಅನ್ನೋ ನುಸಿಯ ಮೈಗೂ ಅಂಟುತ್ತೆ. ನುಸಿ ಎಲೆ ಕೆರೆದ ಗಾಯದಲ್ಲಿ ವೈರಸ್ ಒಳಗೆ ಇಳಿಯುತ್ತೆ. ನಮ್ಮ ಬದುಗಳ ತುಂಬಾ ಕಾಂಗ್ರೆಸ್ ಗಿಡ, ಹೊಲದ ತುಂಬಾ ಒಂದೇ ಶೇಂಗಾ. ಎಲ್ಲ ಗಿಡದ ಪುಸ್ತಕವೂ ಹೆಚ್ಚುಕಮ್ಮಿ ಒಂದೇ ಅಂತ ಮುಂಚೆ ಹೇಳಿದೆನಲ್ಲ. ಸುಳ್ಳು ಕಾಗದ ಒಬ್ಬನಿಗೆ ನಾಟಿದರೆ ಎಲ್ಲರಿಗೂ ನಾಟಿತು. ಆಮೇಲೆ ವಿಜ್ಞಾನಿಗಳು ಹೇಳಿದ ಉಪಾಯಗಳಲ್ಲಿ ಎರಡು ನಮಗೆ ದುಡ್ಡಿಲ್ಲದೆ ಆಗುವಂಥವು. ಹೂ ಬಿಡೋಕೆ ಮುಂಚೆ ಕಾಂಗ್ರೆಸ್ ಗಿಡ ಕೀಳೋದು, ಹೊಲದ ಸುತ್ತ ಜೋಳ ಇಲ್ಲವೇ ಸಜ್ಜೆ ಸಾಲು ಹಾಕಿ ಹಾರಿ ಬರೋದನ್ನು ತಡೆಯೋದು.

ಹಾಗಂತ ವೈರಸ್ಸಿನ ಬರಹ ಯಾವಾಗಲೂ ಕೇಡಿಗೇ ಆಗಬೇಕು ಅಂತಿಲ್ಲ. ಕುರಿ ಸಾಕೋರಿಗೆ ಇದು ಕೇಳಬೇಕಾದ ಮಾತು. ಹಿಂದೆಂದೋ ಕುರಿಯ ಜಾತಿಗೆ ತಗುಲಿದ ಒಂದು ವೈರಸ್ಸಿನ ಬರಹ ಅದರ ಜೀನಿನಲ್ಲೇ ಸೇರಿ, ತಾಯಿಯಿಂದ ಮರಿಗೆ ಇಳಿಯುತ್ತಾ ಬಂದಿದೆ. 2006ರಲ್ಲಿ ವಿಜ್ಞಾನಿಗಳು ಗಬ್ಬದ ಕುರಿಯಲ್ಲಿ ಆ ಬರಹ ಕೆಲಸ ಮಾಡದ ಹಾಗೆ ತಡೆದು ನೋಡಿದರು, ಗಬ್ಬ ನಿಲ್ಲಲಿಲ್ಲ. ಮರಿಗೆ ಅನ್ನ ಮುಟ್ಟಿಸೋ ಮಾಸು ಬೆಳೆಯೋಕೆ ಅದೇ ಬರಹ ಬೇಕಾಗಿದೆ. ಕಳ್ಳನಾಗಿ ಬಂದದ್ದು ಮನೆಮಗನಾಗಿ ನಿಂತಿದೆ. ಆದರೆ ಇದಕ್ಕೆ ಲಕ್ಷಾಂತರ ವರ್ಷ ಹಿಡಿಯಿತು. ರೈತನಿಗೆ ಇರೋದು ಒಂದು ಮುಂಗಾರು.

ಕಡೆಗೆ ನನ್ನದೇ ಒಂದು ತಪ್ಪು ಹೇಳಿ ಮುಗಿಸ್ತೀನಿ. ಒಂದು ವರ್ಷ ಶೇಂಗಾಕ್ಕೆ ಯೂರಿಯಾ ಜಾಸ್ತಿ ಎರಚಿದೆ. ಎಲೆ ಕಡುಹಸಿರು ತಿರುಗಿತು, ದಾರೀಲಿ ಹೋಗೋರೆಲ್ಲ ನಿಂತು ನೋಡಿದರು. ಕಿತ್ತು ನೋಡಿದರೆ ಬೇರು ಬೋಳು, ಗಂಟು ಎಲ್ಲೋ ಒಂದೆರಡು. ಕಾಯಿಯೂ ಅಷ್ಟಕ್ಕಷ್ಟೇ. ಮಣ್ಣಲ್ಲಿ ಸಾರಜನಕ ಪುಕ್ಕಟೆ ಸಿಕ್ಕರೆ ಗಿಡ ಗಂಟು ಕಟ್ಟೋದನ್ನು ನಿಲ್ಲಿಸಿಬಿಡುತ್ತೆ, ಸಕ್ಕರೆ ಯಾಕೆ ಖರ್ಚು ಅಂತ. ಮುಂದಿನ ವರ್ಷ ರೈಜೋಬಿಯಂ ಪಾಕೀಟು ತಂದು ಬೆಲ್ಲದ ನೀರಲ್ಲಿ ಬೀಜಕ್ಕೆ ಹಚ್ಚಿದೆ, ಅದರಲ್ಲೂ ಫಲ ಕಾಣಲಿಲ್ಲ. ಆ ಪಾಕೀಟು ಅಂಗಡೀಲಿ ಬಿಸಿಲಿಗೆ ಬಿದ್ದಿತ್ತು. ಒಳಗಿರೋದು ಜೀವ, ಬಿಸಿಲಿಗಿಟ್ಟರೆ ಸಾಯುತ್ತೆ. ನೆರಳಲ್ಲಿಟ್ಟದ್ದನ್ನೇ ಕೇಳಿ ತರಬೇಕು, ನೆರಳಲ್ಲೇ ಹಚ್ಚಬೇಕು, ಕೂಡಲೇ ಬಿತ್ತಬೇಕು. ಆದರೆ ಅದಕ್ಕಿಂತ ಮುಖ್ಯ, ಅಕ್ಕಡಿ ಬಿಟ್ಟು ವರ್ಷ ವರ್ಷವೂ ಬರೀ ಶೇಂಗಾ ಹಾಕಿದ್ದು ನಮ್ಮ ದೊಡ್ಡ ತಪ್ಪು. ಹುರುಳಿ, ಅಲಸಂದೆ, ತೊಗರಿ, ನವಣೆ, ಸಜ್ಜೆ ಇದ್ದ ಹೊಲದಲ್ಲಿ ಹತ್ತು ಬಗೆಯ ಬೇರು, ಹತ್ತು ಬಗೆಯ ಕರೆ, ಓಗೊಡೋರೂ ಹತ್ತು ಬಗೆ. ಈಗ ಒಂದೇ ದನಿ. ಕಾಳಿನ ಬೀಜ ಹೋದರೆ ಪಕ್ಕದ ಊರಿಂದ ತರಬಹುದು. ಮಣ್ಣೊಳಗಿನ ಬಳಗ ಸೊರಗಿದರೆ ಅದನ್ನು ತಿರುಗಿ ಕಟ್ಟೋಕೆ ಎಷ್ಟು ವರ್ಷ ಬೇಕೋ.

ಮೇಷ್ಟ್ರುಗಳಲ್ಲಿ ಒಂದು ಬಿನ್ನಹ. ಬಿತ್ತಿ ನಲವತ್ತು ನಲವತ್ತೈದು ದಿನಕ್ಕೆ ಮಕ್ಕಳನ್ನು ಕರಕೊಂಡು ಯಾರ ಹೊಲಕ್ಕಾದರೂ ಬನ್ನಿ, ನನ್ನ ಹೊಲಕ್ಕೇ ಬನ್ನಿ. ಮಣ್ಣು ಹಸಿ ಇರುವಾಗ ಸಲಿಕೆಯಲ್ಲಿ ಹಗೂರಕ್ಕೆ ಒಂದು ಗಿಡ ಎತ್ತಿ ಬೇರು ತೊಳೆಯಿರಿ. ಗಂಟು ಎಣಿಸಿ. ಒಂದು ಗಂಟು ಉಗುರಲ್ಲಿ ಸೀಳಿ ನೋಡಿ. ಒಳಗೆ ಕೆಂಪಗಿದ್ದರೆ ಕೆಲಸ ನಡೀತಿದೆ ಅಂತ ಅರ್ಥ, ನಮ್ಮ ರಕ್ತದ ಕೆಂಪಿನ ಬಳಗದ ವಸ್ತುವೇ ಅದು. ಬ್ಯಾಕ್ಟೀರಿಯಾದ ಕೆಲಸ ಕೆಡದ ಹಾಗೆ ಆಮ್ಲಜನಕವನ್ನು ಹಿಡಿತದಲ್ಲಿ ಇಡುತ್ತೆ. ಬಿಳಿ ಇದ್ದರೆ ಇನ್ನೂ ಎಳೆಯದು, ಇಲ್ಲವೇ ದುಡಿಯದ್ದು. ಹಸಿರಾಗಿದ್ದರೆ ಅದರ ಕೆಲಸ ಮುಗಿಯಿತು. ಅಕ್ಕಡಿ ಇರೋ ಹೊಲದ್ದೊಂದು, ಬರೀ ಶೇಂಗಾ ಹೊಲದ್ದೊಂದು, ಎರಡೂ ಗಿಡದ ಲೆಕ್ಕ ಮಕ್ಕಳ ಕೈಯಲ್ಲೇ ಬರೆಸಿ ವಾಚನಾಲಯದಲ್ಲಿ ಇಡಿ. ಹತ್ತು ವರ್ಷ ಹಾಗೆ ಬರೆಸಿದರೆ ಅದೂ ನಮ್ಮ ಸೀಮೆಯ ಚರಿತ್ರೆ ಆಗುತ್ತೆ.